ಒರೆಗಲ್ಲಿಗೆ ಕಾಲ ಗೊತ್ತಿಲ್ಲ

ಕೆಂಪೇಗೌಡರು ವಿಜಯನಗರದ ಅಪ್ಪಣೆಯಿಲ್ಲದೆ ಭೈರವ ನಾಣ್ಯ ಟಂಕಿಸಿ, ಅದಕ್ಕಾಗಿ ಆನೆಗೊಂದಿಯಲ್ಲಿ ಸೆರೆವಾಸ ಅನುಭವಿಸಿದರೆಂಬ ಐತಿಹ್ಯ ಮಾಗಡಿ, ಚನ್ನಪಟ್ಟಣದ ಕಡೆ ಮಕ್ಕಳಿಗೂ ಗೊತ್ತು. ಆ ನಾಣ್ಯದ ಹೆಸರು ಕೇಳಿದವರು ಬಹಳ, ಕಣ್ಣಾರೆ ಕಂಡವರು ಕಡಿಮೆ. ಮೋಸಗಾರನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಆ ಕಡೆಯ ಬೈರಾಪಟ್ಟಣದಂಥ ಊರಲ್ಲಿ ‘ಗೌಡರ ಕಾಲದ್ದು’ ಎಂದು ಹಳದಿ ಬಿಲ್ಲೆಯೊಂದನ್ನು ಅಂಗೈಗಿಟ್ಟರೆ ಎಂಥವರ ಮನಸ್ಸೂ ಒಂದು ಗಳಿಗೆ ಜಾರುತ್ತದೆ.

ಜನ ಮೊದಲು ಹೋಗುವುದು ಅಕ್ಕಸಾಲಿಗರ ಬಳಿಗೆ. ಅವರು ಒರೆಗಲ್ಲಿಗೆ ಉಜ್ಜಿ, ಬಿದ್ದ ಗೆರೆಗೆ ಆಸಿಡ್ ಮುಟ್ಟಿಸಿ ‘ಚಿನ್ನವೇ’ ಅನ್ನುತ್ತಾರೆ. ಅವರು ಹೇಳಿದ್ದು ನಿಜ, ಆದರೆ ಅರ್ಧ ಮಾತ್ರ. ಕಲ್ಲಿಗೆ ಲೋಹ ಗೊತ್ತು, ಕಾಲ ಗೊತ್ತಿಲ್ಲ. ಸಂಗ್ರಾಹಕರು ಹಳೆಯ ನಾಣ್ಯಕ್ಕೆ ಅದರ ಚಿನ್ನಕ್ಕಿಂತ ಹೆಚ್ಚು ಬೆಲೆ ಕೊಡುವುದರಿಂದ, ಅಪ್ಪಟ ಚಿನ್ನದಲ್ಲೇ ಹೊಸ ‘ಹಳೆಯ’ ನಾಣ್ಯ ಮಾಡುವವರಿದ್ದಾರೆ. ಮೇಲಾಗಿ, ನಾಣ್ಯ ಅಸಲಿಯೇ ಆಗಿದ್ದರೆ ಉಜ್ಜಿದ ಗಾಯದಿಂದ ಅದರ ಬೆಲೆ ಇಳಿಯುತ್ತದೆ. ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯೂ ಅಷ್ಟೇ ಹಾನಿ ಮಾಡುತ್ತದೆ.

ನಾಣ್ಯ ಬಲ್ಲವರು ಮೊದಲು ತೂಗುತ್ತಾರೆ. ವಿಜಯನಗರದ ಚಿನ್ನದ ನಾಣ್ಯವಾದ ವರಾಹ ಸುಮಾರು 3.4 ಗ್ರಾಂ. ಹೈದರಾಲಿ ಅದೇ ತೂಕವನ್ನೂ ಒಂದು ಮುಖದ ಶಿವ ಪಾರ್ವತಿಯರನ್ನೂ ಹಾಗೇ ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರ ಒತ್ತಿಸಿದ. ಜನ ಒಪ್ಪಿದ ನಾಣ್ಯವನ್ನು ಕೆಡಿಸದ ಜಾಣತನ ಅದು. ಕಂಠೀರವ ನರಸರಾಜ ಒಡೆಯರ (1638–1659) ನರಸಿಂಹನ ಚಿತ್ರದ ‘ಹಣ’ ಎಂಬ ಪುಟ್ಟ ನಾಣ್ಯವಂತೂ ಅರ್ಧ ಗ್ರಾಂ ಕೂಡ ತೂಗದು, ಉಗುರಿನ ತುದಿಯಲ್ಲಿ ಕೂರುತ್ತದೆ.

ಆಮೇಲೆ ನೀರಿನ ಪರೀಕ್ಷೆ. ನಾಣ್ಯವನ್ನು ನೂಲಿಗೆ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ, 22 ಕ್ಯಾರೆಟ್‌ನ 3.4 ಗ್ರಾಂ ಬಿಲ್ಲೆ 0.19 ಗ್ರಾಂನಷ್ಟು ಹಗುರಾಗುತ್ತದೆ. ಅಷ್ಟೇ ತೂಕದ ಹಿತ್ತಾಳೆಯಾದರೆ 0.4 ಗ್ರಾಂ. ಚಿನ್ನದ ಮುಲಾಮು ಹಾಕಿದ್ದು ಇಲ್ಲೇ ಸಿಕ್ಕಿಬೀಳುತ್ತದೆ, ನಾಣ್ಯಕ್ಕೆ ಗೀರೂ ಬೀಳುವುದಿಲ್ಲ.

ನಿಜವಾದ ಕಸುಬು ಇರುವುದು ಭೂತಗನ್ನಡಿಯಲ್ಲಿ. ಹಳೆಯ ವರಾಹ ಎರಡು ಅಚ್ಚುಗಳ ನಡುವೆ ಸುತ್ತಿಗೆಯ ಏಟು ತಿಂದು ಹುಟ್ಟಿದ್ದು. ಅಕ್ಷರದ ಅಂಚು ಚುರುಕಾಗಿರುತ್ತದೆ. ಎರಕದ ನಕಲಿನಲ್ಲಿ ಗೆರೆಗಳು ಮೊಂಡು, ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನಲ್ಲಿ ಅರ ಹಾಕಿ ಅಳಿಸಿದ ಬೆಸುಗೆಯ ಗುರುತು. ಅಚ್ಚಿಗಿಂತ ಬಿಲ್ಲೆ ಚಿಕ್ಕದಾಗಿ, ಏಟು ಓರೆಯಾಗಿ ಬೀಳುತ್ತಿದ್ದುದರಿಂದ ಕೃಷ್ಣದೇವರಾಯನ ಬಾಲಕೃಷ್ಣ ವರಾಹದಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ನಾಗರಿ ಬರಹ ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ತುಂಡಾಗಿರಬಹುದು. ಎರಡು ವರಾಹಗಳಲ್ಲಿ ಅಕ್ಷರ ಒಂದೇ ಕಡೆ ತುಂಡಾಗಿ, ಅಂಚಿನ ಕಚ್ಚೂ ಒಂದೇ ಜಾಗದಲ್ಲಿದ್ದರೆ ಎರಡೂ ಒಂದೇ ಎರಕದಚ್ಚಿನ ಕೂಸುಗಳು.

ಬ್ರಿಟಿಷರ ಚಿನ್ನದ ನಾಣ್ಯವಾದ ಸವರನ್‌ನದು ಬೇರೆ ಲೆಕ್ಕ. ಅದು ಯಂತ್ರದ ನಾಣ್ಯ: 7.98 ಗ್ರಾಂ, ಅಡ್ಡಳತೆ 22.05 ಮಿ.ಮೀ. ಬ್ರಿಟಿಷರ ಆಳ್ವಿಕೆಯಲ್ಲಿ ಮುಂಬಯಿ ಟಂಕಸಾಲೆ ಸವರನ್ ಒತ್ತಿದ್ದು 1918ರಲ್ಲಿ ಮಾತ್ರ, ‘ಐ’ ಗುರುತಿನೊಂದಿಗೆ. ಜಾರ್ಜ್ ದೊರೆಯ ಬೇರೆ ಇಸವಿಯ ನಾಣ್ಯದಲ್ಲಿ ಆ ಗುರುತು ಕಂಡರೆ ವ್ಯಾಪಾರ ಅಲ್ಲಿಗೇ ನಿಲ್ಲಿಸಬಹುದು.

ಇಷ್ಟೆಲ್ಲ ವಿದ್ಯೆಯನ್ನೂ ಸೋಲಿಸುವ ಉಪಾಯ ಒಂದಿದೆ. ದಾವಣಗೆರೆ, ಚಿತ್ರದುರ್ಗದ ಕಡೆಯ ಪೊಲೀಸರಿಗೆ ಚಿರಪರಿಚಿತ. ‘ಪಾಯ ತೆಗೆಯುವಾಗ ಬಿಂದಿಗೆ ಸಿಕ್ಕಿದೆ’ ಎಂದು ಫೋನ್ ಬರುತ್ತದೆ. ಮಾದರಿಗೆಂದು ಕೊಡುವ ಒಂದೆರಡು ನಾಣ್ಯ ಅಪ್ಪಟ ಚಿನ್ನ, ಯಾರ ಬಳಿ ಪರೀಕ್ಷೆ ಮಾಡಿಸಿದರೂ ಪಾಸು. ಲಕ್ಷಗಟ್ಟಲೆ ಹಣ ಕೊಟ್ಟು ತಂದ ಚೀಲದಲ್ಲಿ ಇರುವುದು ಹಿತ್ತಾಳೆ. ಪರೀಕ್ಷೆ ತಪ್ಪಲಿಲ್ಲ, ಪರೀಕ್ಷೆಯಾದ ನಾಣ್ಯ ಮಾತ್ರ ಚೀಲದಲ್ಲಿಲ್ಲ. ಕಥೆ ನಿಜವೇ ಆಗಿದ್ದರೂ ಕೊಳ್ಳುವವನಿಗೆ ದಾರಿಯಿಲ್ಲ. 1878ರ ಕೇಂದ್ರದ ನಿಧಿ ಕಾಯ್ದೆಯೂ 1962ರ ಕರ್ನಾಟಕದ ಕಾಯ್ದೆಯೂ ಹೇಳುವಂತೆ, ನೆಲದಲ್ಲಿ ಸಿಕ್ಕ ನಿಧಿಯನ್ನು ಮೊದಲು ಸರ್ಕಾರಕ್ಕೆ ತಿಳಿಸಬೇಕು. ‘ಜಿಲ್ಲಾಧಿಕಾರಿಗೆ ತಿಳಿಸಿದ್ದೀಯೇನಪ್ಪಾ?’ ಎಂದು ಕೇಳಿದರೆ ಸಾಕು, ಆ ಕಡೆಯ ಫೋನ್ ತಾನಾಗಿ ಕಟ್ಟಾಗುತ್ತದೆ.