ಬೇಸಿಗೆ ರಜೆಯಲ್ಲಿ ತೆರೆಯುವ ಪ್ರಯೋಗಾಲಯದ ಬಾಗಿಲು

ನಮ್ಮ ಸಂವಾದ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. "ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಸಂಶೋಧನೆಗೆ ಅನುಕೂಲವಿಲ್ಲ. ದೊಡ್ಡ ಊರಿನಲ್ಲಿ ಎರಡು ತಿಂಗಳು ಇದ್ದು ಕಲಿಯಲು ಮನೆಯಲ್ಲಿ ಹಣವಿಲ್ಲ. ಏನು ಮಾಡಲಿ?" ಇಂಥ ವಿದ್ಯಾರ್ಥಿಗಳು ಮೊದಲು ತಿಳಿಯಬೇಕಾದದ್ದು ಬೇಸಿಗೆ ಸಂಶೋಧನಾ ಶಿಷ್ಯವೇತನಗಳ ವಿಚಾರ.

ಪಠ್ಯಪುಸ್ತಕವಿರುವಾಗ ಪ್ರಯೋಗಾಲಯವೇಕೆ ಎಂದು ಕೇಳಬಹುದು. ಒಂದು ಉದಾಹರಣೆ ನೋಡೋಣ. ಹೃದಯ ನಿಮಿಷಕ್ಕೆ 72 ಬಾರಿ ಬಡಿದರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು, ವರ್ಷಕ್ಕೆ ಸುಮಾರು 3.8 ಕೋಟಿ ಬಡಿತಗಳಾಗುತ್ತವೆ. ಕೃತಕ ಕವಾಟವೊಂದು ಅಷ್ಟು ಬಾರಿಯೂ ತೆರೆದು ಮುಚ್ಚಬೇಕು. ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಇಂಥ ಕವಾಟ ರೂಪಿಸಲು ಹೊರಟಾಗ ಮೊದಲ ಮಾದರಿಗಳು ಒಂದಾದ ಮೇಲೊಂದು ವಿಫಲವಾದವು. ಗಟ್ಟಿ ಮಿಶ್ರಲೋಹದ ಚೌಕಟ್ಟು ಮತ್ತು ಪಾಲಿಎಥಿಲೀನ್ ಬಿಲ್ಲೆಯಿದ್ದ ನಾಲ್ಕನೆಯ ಮಾದರಿ ಗೆದ್ದಿತು. 1990ರಲ್ಲಿ ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಪುಸ್ತಕ ನಾಲ್ಕನೆಯ ಮಾದರಿಯನ್ನು ತೋರಿಸುತ್ತದೆ. ಮೊದಲ ಮೂರು ಸೋತಾಗ ಏನು ಮಾಡಬೇಕೆಂಬುದನ್ನು ಪ್ರಯೋಗಾಲಯವೇ ಕಲಿಸಬೇಕು.

ಅಂಥ ಕಲಿಕೆಗೆ ನಮ್ಮ ಬಳಿಯಲ್ಲೇ ಇರುವ ದಾರಿ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ನಡೆಸುವ ಬೇಸಿಗೆ ಯೋಜನೆ. ಇದರ ಕಚೇರಿ ಬೆಂಗಳೂರಿನಲ್ಲಿ, ಸರ್ ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿದೆ. ಆಯ್ಕೆಯಾದವರು ದೇಶದ ಯಾವುದಾದರೊಂದು ಸಂಶೋಧನಾ ಸಂಸ್ಥೆಯ ವಿಜ್ಞಾನಿಯ ಬಳಿ ಸುಮಾರು ಎರಡು ತಿಂಗಳು ಕೆಲಸ ಮಾಡುತ್ತಾರೆ. ಶಿಷ್ಯವೇತನ ಮತ್ತು ಹೋಗಿಬರುವ ರೈಲು ದರ ದೊರೆಯುತ್ತವೆ. ಕೊನೆಯಲ್ಲಿ ವರದಿ ಸಲ್ಲಿಸಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಇಂಥದೇ ಬೇಸಿಗೆ ಶಿಷ್ಯವೇತನ ನೀಡುತ್ತದೆ.

ಹೊರದೇಶದ ಆಸೆಯಿದ್ದವರು ಜರ್ಮನಿಯ ಡಾಡ್ ಸಂಸ್ಥೆಯ 'ವೈಸ್' ಯೋಜನೆಯನ್ನು ಗಮನಿಸಬಹುದು. ಇದು ಭಾರತದ ವಿದ್ಯಾರ್ಥಿಗಳಿಗಾಗಿಯೇ ಇರುವುದು. ಆದರೆ ಕೆಲಸ ಕೊಡಲು ಒಪ್ಪುವ ಜರ್ಮನ್ ಪ್ರಾಧ್ಯಾಪಕರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ 1987ರಲ್ಲಿ ಆರಂಭಿಸಿದ ಪ್ರಸಿದ್ಧ ಬೇಸಿಗೆ ಯೋಜನೆಯ ಹಣ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಮೀಸಲು. ಅದಕ್ಕೆ ಅರ್ಜಿ ಬರೆದು ಸಮಯ ಕಳೆಯಬೇಡಿ.

ಅರ್ಜಿಯಲ್ಲಿ ಅಂಕಗಳಷ್ಟೇ ಮುಖ್ಯವಾದದ್ದು, ಏನು ಮಾಡಬಯಸುತ್ತೀರಿ ಎಂದು ತಿಳಿಸುವ ಚಿಕ್ಕ ಬರಹ. "ವಿಜ್ಞಾನದಲ್ಲಿ ನನಗೆ ಅಪಾರ ಆಸಕ್ತಿಯಿದೆ" ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು, "ಇಸಿಜಿ ತೆಗೆಯುವಾಗ ರೋಗಿ ಅಲುಗಾಡಿದರೆ ಗೆರೆ ಕೆಡುತ್ತದೆ. ಈ ಗೊಂದಲವನ್ನು ಸೋಸಿ ತೆಗೆಯುವ ಎರಡು ವಿಧಾನಗಳನ್ನು ಹೋಲಿಸಿ ನೋಡಬೇಕೆಂದಿದ್ದೇನೆ" ಎಂದರೆ, ಓದುವ ವಿಜ್ಞಾನಿಗೆ ನಿಮ್ಮ ಕೈಗೆ ಯಾವ ಕೆಲಸ ಕೊಡಬಹುದೆಂದು ಹೊಳೆಯುತ್ತದೆ. ಇಂಗ್ಲಿಷ್ ಸರಳವಾಗಿದ್ದರೂ ಸಾಕು. ಪ್ರಶ್ನೆ ಮಾತ್ರ ನಿಮ್ಮದೇ ಆಗಿರಲಿ. ಶಿಫಾರಸು ಪತ್ರವನ್ನು ಹುದ್ದೆಯಲ್ಲಿ ದೊಡ್ಡವರಿಂದ ಪಡೆಯುವುದಕ್ಕಿಂತ ನಿಮ್ಮನ್ನು ಚೆನ್ನಾಗಿ ಬಲ್ಲ ಅಧ್ಯಾಪಕರಿಂದ ಪಡೆಯುವುದು ಮೇಲು.

ಎರಡು ಎಚ್ಚರಿಕೆಯ ಮಾತು. ಕೆಲಸ ಬೇಸಿಗೆಯದಾದರೂ ಅರ್ಜಿಗಳನ್ನು ಬಹುಮಟ್ಟಿಗೆ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದವರಿಗೆ ಬಾಗಿಲು ಮುಚ್ಚಿರುತ್ತದೆ. ಇನ್ನೊಂದು, ಶಿಷ್ಯವೇತನವೆಂದರೆ ವಿದ್ಯಾರ್ಥಿಗೆ ಹಣ ಕೊಡುವುದು. "ತರಬೇತಿ ಕೊಡುತ್ತೇವೆ, ಪ್ರಮಾಣಪತ್ರ ಕೊಡುತ್ತೇವೆ" ಎಂದು ಸಾವಿರಾರು ರೂಪಾಯಿ ಕೇಳುವವರದು ಬೇರೆಯದೇ ವ್ಯವಹಾರ.

ಮೊದಲ ಸಲ ಆಯ್ಕೆಯಾಗದಿದ್ದರೆ ಎದೆಗುಂದಬೇಕಿಲ್ಲ. ಪದವಿ ಮುಗಿಯುವುದರೊಳಗೆ ಇನ್ನೊಂದು ಬೇಸಿಗೆ ಬರುತ್ತದೆ. ಅಷ್ಟರಲ್ಲಿ ನಿಮ್ಮ ಊರಿನ ಆಸ್ಪತ್ರೆಯಲ್ಲಿ ಮೂಲೆ ಸೇರಿರುವ ಯಂತ್ರ ಯಾವುದು, ಅದು ಕೆಟ್ಟದ್ದೇಕೆ ಎಂದು ವಿಚಾರಿಸಿ ಬರೆದಿಡಿ. ಮುಂದಿನ ಅರ್ಜಿಯ ಮೊದಲ ಸಾಲು ಅಲ್ಲೇ ಸಿಕ್ಕೀತು.