ಎಂಜಿನ್ನಿನ ಹಸಿವು, ಪಂಪಿನ ಲೆಕ್ಕ

ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ಗಂಗಾವತಿ ಸೀಮೆಯ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರಗಳದ್ದೇ ಸದ್ದು. ಯಲಬುರ್ಗಾದ ಎರೆಹೊಲಗಳಲ್ಲಿ ಟ್ರ್ಯಾಕ್ಟರಿನ ನೇಗಿಲು ಆಳಕ್ಕಿಳಿಯುತ್ತದೆ. ಕುಷ್ಟಗಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹಗಲಿರುಳೆನ್ನದೆ ಲಾರಿಗಳು. ಕೊಪ್ಪಳದ ಹತ್ತಿರದ ಬೇವಿನಹಳ್ಳಿಯ ಕಾರ್ಖಾನೆಯಲ್ಲಂತೂ ಟ್ರ್ಯಾಕ್ಟರು ಮತ್ತು ಡೀಸೆಲ್ ಎಂಜಿನ್ನುಗಳ ಸಿಲಿಂಡರ್ ಬ್ಲಾಕುಗಳನ್ನೇ ಎರಕ ಹೊಯ್ಯುತ್ತಾರೆ. ಹೀಗೆ ಎಂಜಿನ್ನಿನ ನಡುವೆಯೇ ಬೆಳೆಯುವ ಹುಡುಗರಿಗೆ ಅದರ ಹುಚ್ಚು ಹಿಡಿದರೆ ಅಚ್ಚರಿಯೇನು?

ಈಗಂತೂ ಅಂಗೈಯಲ್ಲಿ ಮೊಬೈಲಿದೆ. 400 ಅಶ್ವಶಕ್ತಿಯ ಟರ್ಬೊ ಕಾರು ಕಣ್ಣೆದುರೇ ಹಾರುತ್ತದೆ. 'ದೊಡ್ಡ ಪಂಪು ಹಾಕಿದರೆ ಪವರ್ ಬರುತ್ತದೆ' ಎಂಬ ಮಾತು ಹುಡುಗರ ಬಾಯಲ್ಲಿ. 'ಪಂಪ್ ಸ್ವಲ್ಪ ಏರಿಸಿ ಕೊಡ್ರಿ' ಎಂಬ ಮಾತು ಟ್ರ್ಯಾಕ್ಟರು ತಂದ ಹಿರಿಯರ ಬಾಯಲ್ಲಿ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ: ಹೆಚ್ಚು ಇಂಧನವೆಂದರೆ ಹೆಚ್ಚು ಶಕ್ತಿ. ಅದು ಅರ್ಧ ಸತ್ಯ. ಉಳಿದ ಅರ್ಧ ತಿಳಿಯದೆ ಸ್ಪ್ಯಾನರ್ ಹಿಡಿದರೆ, ಸಾಲ ಮಾಡಿ ತಂದ ಎಂಜಿನ್ ಒಂದೇ ಹಂಗಾಮಿನಲ್ಲಿ ಬಿಚ್ಚಿ ಕೂತೀತು.

ಟರ್ಬೊ ಮಾಡುವುದೇನು?

ಎಂಜಿನ್ ಉಸಿರಾಡುವುದು ಗಾಳಿಯನ್ನು. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತುರುಕುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಗಾಳಿ ಹೆಚ್ಚಾದಂತೆ ಅದಕ್ಕೆ ಜೋಡಿಯಾಗಿ ಇಂಧನವೂ ಹೆಚ್ಚಬೇಕು. ಎಷ್ಟು ಹೆಚ್ಚಬೇಕು, ಯಾವ ಕ್ಷಣದಲ್ಲಿ ಹೆಚ್ಚಬೇಕು ಎಂಬುದೇ ಪಂಪಿನ ಆಯ್ಕೆಯ ತಿರುಳು.

ಇಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಅಜಗಜಾಂತರ. ಪೂರ್ತಿ ಬೂಸ್ಟಿನಲ್ಲಿ ಓಡುವ ಪೆಟ್ರೋಲ್ ಎಂಜಿನ್ನಿಗೆ ಇಂಧನ ಕಡಿಮೆ ಬಿದ್ದರೆ ಅಪಾಯ. ಒಳಗಿನ ಉಷ್ಣ ಏರಿ, ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಕರಗುತ್ತದೆ. ಡೀಸೆಲ್ ಎಂಜಿನ್ನಿನದು ತದ್ವಿರುದ್ಧ. ಅದು ಸದಾ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡುವಂಥದ್ದು. ಅಲ್ಲಿ ಇಂಧನ ಮಿತಿಮೀರಿದರೆ ಕಪ್ಪು ಹೊಗೆ, ಕಾದು ಕೆಂಪಾಗುವ ಎಕ್ಸಾಸ್ಟ್, ಸುಡುವ ಪಿಸ್ಟನ್, ಹಾಳಾಗುವ ಟರ್ಬೊ. ಒಂದಕ್ಕೆ ಉಪವಾಸ ಕೇಡು, ಇನ್ನೊಂದಕ್ಕೆ ಅತಿಯೂಟ ಕೇಡು.

400 ಅಶ್ವಶಕ್ತಿಯ ಗಣಿತ

ಪಂಪು ಆರಿಸಲು ಬೇಕಾದ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು. ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಶಕ್ತಿ ಕೊಡುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಡುತ್ತದೆಂದು ಹಿಡಿಯಬಹುದು. 400 ಅಶ್ವಶಕ್ತಿಗೆ 108 ಕಿಲೊ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಹಾಗಾಗಿ ಗಂಟೆಗೆ ಸುಮಾರು 146 ಲೀಟರ್. ಈಗ ಬಂಕುಗಳಲ್ಲಿ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಕಸುವು ಕೊಂಚ ಕಡಿಮೆ. ಅದಕ್ಕೆಂದು ಶೇ 7 ಸೇರಿಸಿದರೆ 156 ಲೀಟರ್. ಪಂಪು ಹಳತಾಗುವುದು, ಫಿಲ್ಟರ್ ಕಟ್ಟಿಕೊಳ್ಳುವುದು ಇದ್ದದ್ದೇ. ಅದಕ್ಕೆ ಶೇ 20 ಮೀಸಲು ಇಟ್ಟರೆ 187 ಲೀಟರ್.

'ಗಂಟೆಗೆ 255 ಲೀಟರ್' ಎಂದು ಬರೆದ ಪಂಪು ಪೇಟೆಯಲ್ಲಿ ಸಿಗುತ್ತದೆ. ಹಾಗಾದರೆ ಸಮಸ್ಯೆ ಮುಗಿಯಿತೆ? ಇಲ್ಲ. ಇದನ್ನು ಕೊಳವೆಬಾವಿ ತೋಡಿಸಿದ ರೈತನಿಗೆ ವಿವರಿಸಿ ಹೇಳಬೇಕಾಗಿಲ್ಲ. ಮೇಲ್ಮಟ್ಟದ ಬಾವಿಯಲ್ಲಿ ಪೈಪು ತುಂಬ ನೀರು ಎಸೆಯುವ ಮೋಟಾರನ್ನೇ ಆಳದ ಬಾವಿಗೆ ಇಳಿಸಿದರೆ ಧಾರೆ ಸಣ್ಣದಾಗುತ್ತದೆ. ಸಂಜೆ ವೋಲ್ಟೇಜ್ ಬಿದ್ದರೆ ಇನ್ನೂ ಸಣ್ಣದು. ಕಾರಿನ ಪಂಪಿನದೂ ಇದೇ ಕಥೆ. ಅದರ ಮೇಲಿನ 255 ಎಂಬ ಅಂಕಿ ಸಾಮಾನ್ಯವಾಗಿ 3 ಬಾರ್ ಒತ್ತಡ, 13.5 ವೋಲ್ಟ್ ವಿದ್ಯುತ್ತಿಗೆ ಹೇಳಿದ್ದು.

ಟರ್ಬೊ 1.5 ಬಾರ್ ಬೂಸ್ಟ್ ಕೊಡುವಾಗ ಇಂಜೆಕ್ಟರಿನ ಬಾಯಿಗೆ ಅಷ್ಟು ಒತ್ತಡ ಎದುರಾಗುತ್ತದೆ. ಪಂಪು 3 ಬಾರಿನಲ್ಲೇ ನಿಂತರೆ ಇಂಧನವನ್ನು ನೂಕಲು ಉಳಿಯುವುದು ಬರೀ 1.5 ಬಾರ್. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇಳಿಯುವುದರಿಂದ ಇಂಧನ ಸುಮಾರು ಶೇ 30 ಕಡಿತ. ಅದೂ ಎಂಜಿನ್ ಅತಿ ಹೆಚ್ಚು ಬೇಡುವ ಕ್ಷಣದಲ್ಲಿ! ಆದ್ದರಿಂದಲೇ ಇಂಥ ಕಾರುಗಳಲ್ಲಿ ಬೂಸ್ಟ್ ಏರಿದಷ್ಟೂ ಇಂಧನದ ಒತ್ತಡವನ್ನೂ ಅಷ್ಟೇ ಏರಿಸುವ ರೆಗ್ಯುಲೇಟರ್ ಇಡುತ್ತಾರೆ. ಆಗ ಪಂಪು ದುಡಿಯಬೇಕಾದದ್ದು 4.5 ಬಾರಿನಲ್ಲಿ. ತೆಳು ವೈರಿನಲ್ಲಿ ವಿದ್ಯುತ್ ಸೋರಿ 12 ವೋಲ್ಟಿಗೆ ಇಳಿದಿದ್ದರೆ, ಆ 255 ಎಂಬುದು 200ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಆಶ್ಚರ್ಯವಿಲ್ಲ. ಬೇಕಾದದ್ದು 187. ಅಂದರೆ ಆ ಪಂಪು 400 ಅಶ್ವಶಕ್ತಿಗೆ ಅಂಚಿನಲ್ಲಿ ನಿಂತಿದೆ, ಅಷ್ಟೆ.

ಒಂದೋ, ಎರಡೋ?

ಹಾಗಾದರೆ ಪರಿಹಾರ? ಮೊದಲನೆಯದು, ಅತಿ ಅಗ್ಗದ್ದು: ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ನಡುವೆ ರಿಲೇ ಮತ್ತು ಫ್ಯೂಸ್. ಎರಡನೆಯದು, ಟ್ಯಾಂಕಿನೊಳಗೇ ಕೂರುವ ಒಂದು ದೊಡ್ಡ ಪಂಪು. ಜೋಡಣೆ ಸರಳ, ಕೆಡುವ ಭಾಗ ಕಡಿಮೆ. ಸುತ್ತಲಿನ ಪೆಟ್ರೋಲೇ ಪಂಪನ್ನು ತಂಪಾಗಿಡುತ್ತದೆ. ಬಿಸಿಲು 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ ಟ್ಯಾಂಕು ತಳ ಕಾಣುವವರೆಗೆ ಓಡಿಸಬಾರದು ಎನ್ನುವುದು ಇದಕ್ಕೇ. ಮೂರನೆಯದು, ಎರಡು ಪಂಪುಗಳ ಜೋಡಿ. 600 ಅಶ್ವಶಕ್ತಿಯ ಲೆಕ್ಕಕ್ಕೆ ಇದು ಬೇಕಾದೀತು. ಆದರೆ ಪೂರ್ತಿ ಬೂಸ್ಟಿನಲ್ಲಿ ಒಂದು ಪಂಪು ನಿಂತಿತೆನ್ನಿ, ಅರ್ಧ ಇಂಧನದಲ್ಲಿ ಎಂಜಿನ್ ಸುಟ್ಟೀತು. ಆದ್ದರಿಂದ ಒತ್ತಡ ಬಿದ್ದೊಡನೆ ಬೂಸ್ಟ್ ಕಡಿಯುವ ಸೆನ್ಸರ್ ಜೊತೆಗಿರಲೇಬೇಕು. ನಾಲ್ಕನೆಯದು, ನಡುವೆ ಒಂದು ಸಣ್ಣ ಟ್ಯಾಂಕು. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯದಂತೆ ಇದು ಕಾಯುತ್ತದೆ. ರೇಸಿನ ಕಾರಿಗೆ ಇದು ಅಗತ್ಯ, ದಿನಬಳಕೆಯ ಕಾರಿಗಲ್ಲ.

ಹೊಸ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಸಿಲಿಂಡರಿನೊಳಕ್ಕೇ ನೇರ ಪೆಟ್ರೋಲ್ ಚಿಮ್ಮಿಸುವ ಟರ್ಬೊ ಎಂಜಿನ್ನುಗಳಲ್ಲಿ ಎರಡು ಹಂತದ ಪಂಪುಗಳು. ಟ್ಯಾಂಕಿನದು ಕೆಲವೇ ಬಾರ್ ಒತ್ತಡದ್ದು. ಎಂಜಿನ್ ಮೇಲಿನದು ನೂರಾರು ಬಾರಿನದ್ದು. ಟ್ಯಾಂಕಿನ ಪಂಪನ್ನಷ್ಟೇ ಬದಲಿಸಿದರೆ ಬಾಗಿಲು ಅಗಲಿಸಿ ಗಲ್ಲಿಯನ್ನು ಹಾಗೇ ಬಿಟ್ಟಂತೆ.

ಒಂದೂವರೆ ಹನಿಯ ಬೆಲೆ

ಕಾರಿನ ಮಾತು ಸಾಕು. ಈಗ ಗದ್ದೆಗೆ ಬರೋಣ. 100 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ಪೂರ್ತಿ ಹೊರೆಯಲ್ಲಿ ಗಂಟೆಗೆ ಸುಮಾರು 19 ಲೀಟರ್ ಕುಡಿಯುತ್ತದೆಂದು ಹಿಡಿಯೋಣ. ನಿಮಿಷಕ್ಕೆ 2,200 ಸುತ್ತಿನಲ್ಲಿ, ಪ್ರತಿ ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿಗೂ ಒಂದು ಚಿಮ್ಮು. ಗಂಟೆಗೆ 2,64,000 ಚಿಮ್ಮುಗಳಾದವು. ಭಾಗಿಸಿದರೆ ಒಂದು ಚಿಮ್ಮಿಗೆ 72 ಘನ ಮಿಲಿಮೀಟರ್. ನೀರಿನ ಒಂದೂವರೆ ಹನಿಯಷ್ಟು! ಇದನ್ನು ನಾಲ್ಕೂ ಸಿಲಿಂಡರಿಗೆ ಸಮನಾಗಿ, ತಪ್ಪದೆ ಅಳೆದು ಕೊಡುವ ಪಂಪಿನ ಪ್ಲಂಜರಿಗೂ ಬ್ಯಾರಲಿಗೂ ನಡುವಣ ಸಂದು ಕೆಲವೇ ಮೈಕ್ರಾನ್. ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳು. ಕೊಳಕು ಡಬ್ಬಿಯಿಂದ ಡೀಸೆಲ್ ಸುರಿಯಬಾರದು, ಫಿಲ್ಟರಿನ ನೀರು ತೆಗೆಯುತ್ತಿರಬೇಕು ಎನ್ನುವುದರ ಕಾರಣ ಇಲ್ಲಿದೆ.

ಬಾಷ್ ಕಂಪನಿ ಇಂಥ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಅದರ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ, ಕನ್ನಡ ನಾಡಿನ ಹಳ್ಳಿಹಳ್ಳಿಗೂ ಪರಿಚಿತ ಹೆಸರಾಯಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಮಿಸ್ತ್ರಿಗಳ ಬಾಯಲ್ಲಿ ಅದು ಮೈಕೋ ಪಂಪೇ.

ಟರ್ಬೊ ಡೀಸೆಲಿಗೆ ಮಾಡಿದ ಈ ಬಗೆಯ ಪಂಪಿನ ಮೇಲೆ ಒಂದು ಪುಟ್ಟ ಪರದೆಯ ಡಬ್ಬಿ ಇರುವುದುಂಟು. ಬೂಸ್ಟ್ ಬಂದು ಆ ಪರದೆಯನ್ನು ಒತ್ತಿದ ಮೇಲಷ್ಟೇ ಹೆಚ್ಚಿನ ಡೀಸೆಲಿಗೆ ಅನುಮತಿ. ಗಾಳಿ ಬರುವ ಮುನ್ನ ಇಂಧನ ಬೇಡ ಎಂಬ ಸಂಯಮ ಅದು. ಟರ್ಬೊ ಇಲ್ಲದ ಎಂಜಿನ್ನಿನ ಪಂಪನ್ನು ಟರ್ಬೊ ಎಂಜಿನ್ನಿಗೆ ಕೂರಿಸಿದರೆ, ಇಲ್ಲವೇ ಸೀಲು ಒಡೆದು ಸ್ಕ್ರೂ ತಿರುವಿದರೆ, ಆ ಸಂಯಮ ಹೋಯಿತು. ಮೊದಲ ದಿನ ಎಳೆತ ಹೆಚ್ಚಿದಂತೆ ಕಾಣುವುದು ನಿಜ. ಸುಡದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲನ್ನು ತೆಳುವಾಗಿಸಿ, ಬೇರಿಂಗು ಸವೆಸುವುದು ಕಾಣುವುದಿಲ್ಲ. ಎಳೆತ ಕಡಿಮೆಯಾಗಿದ್ದರೆ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟರ್ಬೊ ಪೈಪಿನ ಸೋರಿಕೆ. ಪಂಪಿನ ಸರದಿ ಕೊನೆಯದು, ಅದೂ ಅಳತೆಯ ಬೆಂಚಿನ ಮೇಲೆ.

ಹುಚ್ಚು ಓದಾಗಬಹುದೇ?

ಸ್ಕ್ರೂ ತಿರುವುವ ಕಾಲ ಮುಗಿಯುತ್ತಿದೆ. 1997ರಲ್ಲಿ ಕಾರಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ ತುಂಬುವುದಷ್ಟೇ ಪಂಪಿನ ಕೆಲಸ. ಎಷ್ಟು, ಯಾವಾಗ ಎಂಬುದನ್ನು ಇಸಿಯು ಎಂಬ ಪುಟ್ಟ ಗಣಕ ನಿರ್ಧರಿಸುತ್ತದೆ. 2020ರ ಏಪ್ರಿಲಿನಿಂದ ವಾಹನಗಳಿಗೆ ಬಿಎಸ್-6 ಮಿತಿ, 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ ಬಿಗಿಯಾದ ಹೊಗೆ ಮಿತಿ ಬಂದಿವೆ. ನಾಳಿನ ಮಿಸ್ತ್ರಿಗೆ ಸ್ಪ್ಯಾನರಿನಷ್ಟೇ ಮಲ್ಟಿಮೀಟರೂ ಬೇಕು, ಸ್ಕ್ಯಾನರೂ ಬೇಕು.

ಆದ್ದರಿಂದ ಮಗ ಅಥವಾ ಮಗಳು ಎಂಜಿನ್ ಎಂದರೆ ಊಟ ಮರೆಯುವವರಾದರೆ ಪಾಲಕರು ಗದರಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐಯಲ್ಲಿ ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್, ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗಳಿವೆ. ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಎಂಜಿನಿಯರಿಂಗ್ ಸೇರಿದವರು ತಾವೇ ರೇಸ್ ಕಾರು ಕಟ್ಟಿ ಓಡಿಸುವ ವಿದ್ಯಾರ್ಥಿ ಸ್ಪರ್ಧೆಗಳಿವೆ. ಹೆಚ್ಚು ಶಕ್ತಿಯ ಎಂಜಿನ್ನಿಗೆ ಸಲ್ಲುವ ಜಾಗ ಅಂಥ ಅಂಗಳವೇ ಹೊರತು ಹೆದ್ದಾರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. ವಾರಂಟಿ, ವಿಮೆಯ ತಕರಾರು ಬೇರೆ.

ಪಾಲಕರು ಮಾಡಬಹುದಾದ ಒಂದು ಕೆಲಸವಿದೆ. 'ಪಂಪ್ ಬದಲಿಸೋಣ' ಎಂದು ಮಗ ಕೇಳಿದಾಗ ಮೂರು ಪ್ರಶ್ನೆ ಹಾಕಿ: ಗಂಟೆಗೆ ಎಷ್ಟು ಲೀಟರ್ ಬೇಕು? ಎಷ್ಟು ಒತ್ತಡದಲ್ಲಿ, ಎಷ್ಟು ವೋಲ್ಟಿನಲ್ಲಿ? ಪಂಪು ನಡುದಾರಿಯಲ್ಲಿ ನಿಂತರೆ ಎಂಜಿನ್ ಉಳಿಯುವ ಬಗೆ ಹೇಗೆ? ಉತ್ತರವನ್ನು ಹಾಳೆಯ ಮೇಲೆ ಲೆಕ್ಕ ಮಾಡಿ ತಂದರೆ, ಅವನ ಕೈಗೆ ಸ್ಪ್ಯಾನರ್ ಕೊಡಬಹುದು. ತರದಿದ್ದರೆ ಮೊದಲು ಗಣಿತದ ಪುಸ್ತಕ ಕೊಡಿ. ಆಮೇಲೆ ಮನೆಯ ಟ್ರ್ಯಾಕ್ಟರಿನ ಡೀಸೆಲ್ ಖರ್ಚಿನ ಲೆಕ್ಕ ಇಡುವ ಹೊಣೆಯನ್ನೂ ಅವನಿಗೇ ವಹಿಸಿ.