ಬರದ ದ್ವೀಪದ ತಿಳಿಗಡಲು

ಮಳೆ ಕೈಕೊಟ್ಟರೆ ಏನಾಗುತ್ತದೆಂದು ಔರಾದ್ ತಾಲ್ಲೂಕಿನ ಚಿಂತಾಕಿಯ ತೊಗರಿ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮಳೆ ಬಾರದಿರುವುದನ್ನೇ ಬಂಡವಾಳ ಮಾಡಿಕೊಂಡ ನಾಡೊಂದಿದೆ. ಅದು ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿ.ಮೀ. ಉತ್ತರಕ್ಕೆ, ಕೆರಿಬಿಯನ್ ಸಮುದ್ರದಲ್ಲಿರುವ ಬೊನೇರ್ ದ್ವೀಪ. ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 850 ಮಿ.ಮೀ. ಆಸುಪಾಸು ಮಳೆಯಾದರೆ ಅಲ್ಲಿ ಬೀಳುವುದು 500 ಮಿ.ಮೀ.ನಷ್ಟು. ನದಿಯೆಂಬುದಿಲ್ಲ. ಬೇಲಿಗೆ ಕಳ್ಳಿ, ಬಯಲಲ್ಲಿ ಕತ್ತೆ, ಮೇಕೆ. ಕುಡಿಯುವ ನೀರಿಗೂ ಸಮುದ್ರದ ಉಪ್ಪು ತೆಗೆಯಬೇಕು. ಇಂಥಲ್ಲಿಗೆ ಜನ ಹಣ ತೆತ್ತು ರಜೆ ಕಳೆಯಲು ಬರುವುದು ಸ್ಕೂಬಾ ಡೈವಿಂಗಿಗಾಗಿ.

ಕಾರಣ ಸರಳ. ನದಿಯಿಲ್ಲದಿದ್ದರೆ ಕಡಲಿಗೆ ಹೂಳು ಸೇರುವುದು ಕಡಿಮೆ. ಹವಳದ ಹುಳುವಿನ ಮೈಯೊಳಗೆ ಬೆಳೆಯುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಹುಪಾಲು ಆಹಾರ ಒದಗಿಸುತ್ತದೆ. ಆ ಪಾಚಿಗೆ ಬಿಸಿಲು ಬೇಕು, ಬಿಸಿಲು ಇಳಿಯಲು ನೀರು ತಿಳಿಯಾಗಿರಬೇಕು. ಬೊನೇರ್‌ನಲ್ಲಿ ಹಲವೊಮ್ಮೆ 30 ಮೀಟರ್ ದೂರದ ಮೀನೂ ಕಾಣುತ್ತದೆ. ನಮ್ಮಲ್ಲಿ ಇದೇ ಹವ್ಯಾಸಕ್ಕೆ ಹೆಸರಾದುದು ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ. ಆದರೆ ಆ ಕರಾವಳಿಗೆ ಬೀಳುವುದು 3,000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟದ ಹೊಳೆಗಳೆಲ್ಲ ಕೆಂಪಾಗಿ ಕಡಲು ಸೇರುವ ಆ ತಿಂಗಳುಗಳಲ್ಲಿ ಡೈವಿಂಗ್ ನಿಂತೇಹೋಗುತ್ತದೆ. ಮತ್ತೆ ಆರಂಭವಾಗುವುದು ಮಳೆಗಾಲ ಕಳೆದ ಮೇಲೆ.

ಬೊನೇರ್ ತನ್ನ ಸುತ್ತಲ ಕಡಲನ್ನು 1979ರಲ್ಲೇ ಸಂರಕ್ಷಿತ ಪ್ರದೇಶವನ್ನಾಗಿಸಿತು. ಡೈವರ್‌ಗಳು ಸಾಮಾನ್ಯವಾಗಿ ಕೈಗವಸು ಹಾಕುವಂತಿಲ್ಲ. ಬರಿಗೈಯಾದರೆ ಹವಳ ಮುಟ್ಟಲು ಯಾರಾದರೂ ಹಿಂಜರಿಯುತ್ತಾರೆ! ಆದರೆ ರೋಗಕ್ಕೆ ಈ ಕಟ್ಟಳೆ ತಿಳಿಯದು. 2023ರಲ್ಲಿ ಗಟ್ಟಿ ಹವಳದ ಅಂಗಾಂಶವನ್ನೇ ಕೊಲ್ಲುವ ರೋಗವೊಂದು ಅಲ್ಲಿಗೂ ಕಾಲಿಟ್ಟಿತು.

ಡೈವರ್ ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ಹಲವರ ನಂಬಿಕೆ. ಸಾಮಾನ್ಯವಾಗಿ ಅದು ಒತ್ತಿ ತುಂಬಿದ ಗಾಳಿ. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ, ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಒತ್ತಡ ತಟ್ಟನೆ ಇಳಿದರೆ ಗೋಲಿ ಸೋಡಾ ತೆರೆದಾಗಿನಂತೆ ಗುಳ್ಳೆ ಏಳುತ್ತದೆ, ಪ್ರಾಣಕ್ಕೂ ಸಂಚಕಾರ. ಆದ್ದರಿಂದ ನಿಧಾನವಾಗಿ ಮೇಲೇರಬೇಕು. ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮುನ್ನ 18ರಿಂದ 24 ಗಂಟೆ ನೆಲದ ಮೇಲಿರುವುದು ಕ್ಷೇಮ.

ಹೀಗಾಗಿ ರಜೆಯ ಕಡೆಯ ದಿನ ನೆಲ ನೋಡಲು ಮೀಸಲು. ದ್ವೀಪದ ದಕ್ಷಿಣಕ್ಕೆ ಹೋದರೆ ಕಾಣುವುದು ಗುಲಾಬಿ ಬಣ್ಣದ ಉಪ್ಪಿನಾಗರಗಳು. ಗೋಕರ್ಣದ ಬಳಿಯ ಸಾಣಿಕಟ್ಟೆ ನೋಡಿದವರಿಗೆ ಬಿಸಿಲು, ಗಾಳಿಯ ಈ ಕಸುಬು ಹೊಸದಲ್ಲ. ಕಡಲನ್ನು ತಿಳಿಯಾಗಿಸಿದ ಬರವೇ ಇಲ್ಲಿ ಉಪ್ಪನ್ನೂ ಕೊಟ್ಟಿತು. 1636ರಲ್ಲಿ ದ್ವೀಪ ಹಿಡಿದ ಡಚ್ಚರಿಗೆ ಹೆರಿಂಗ್ ಮೀನು ಕೆಡದಂತಿಡಲು ಉಪ್ಪು ಬೇಕಿತ್ತು. ಅದನ್ನು ಕೆರೆದು ಹೊತ್ತವರು ಆಫ್ರಿಕಾ ಮೂಲದ ಗುಲಾಮರು. ಅವರು ಮಲಗಲೆಂದು 1850ರ ಸುಮಾರಿಗೆ ಕಟ್ಟಿದ ಕಲ್ಲಿನ ಗೂಡುಗಳು ದಡದಲ್ಲಿ ಇನ್ನೂ ಸಾಲಾಗಿ ನಿಂತಿವೆ. ದೊಡ್ಡವರು ಬಾಗದೆ ಒಳಹೋಗಲಾರರು. ಅವರ ಮನೆ ಇದ್ದುದು ದ್ವೀಪದ ಇನ್ನೊಂದು ತುದಿಯ ರಿಂಕಾನ್‌ನಲ್ಲಿ. ವಾರಾಂತ್ಯಕ್ಕೆ ಹೆಂಡಿರು ಮಕ್ಕಳನ್ನು ಕಾಣಲು ಗಂಟೆಗಟ್ಟಲೆ ನಡೆಯಬೇಕಿತ್ತು. 1863ರ ಜುಲೈ 1ರಂದು ಅವರಿಗೆ ಬಿಡುಗಡೆಯಾಯಿತು.

ಡೈವಿಂಗ್ ತಾಣಗಳ ಗುರುತಿಗೆ ರಸ್ತೆ ಬದಿಯಲ್ಲಿ ಹಳದಿ ಬಳಿದ ಕಲ್ಲುಗಳಿವೆ. ಗೂಡುಗಳ ಎದುರಿನ ತಾಣಗಳಿಗೆ ಬಳಕೆಗೆ ಬಂದ ಹೆಸರು 'ವೈಟ್ ಸ್ಲೇವ್', 'ರೆಡ್ ಸ್ಲೇವ್'.